ಕಾರಿಗಿಂತ ಮೊದಲು ಅದರ ನಂಬರ್ ಪ್ಲೇಟು

ನಮ್ಮಲ್ಲಿ ನಂಬರ್ ಪ್ಲೇಟ್ ನೋಡಿದರೆ ಕಾರಿನ ಊರು ಗೊತ್ತಾಗುತ್ತದೆ. ಕೆಎ 34 ಎಂದರೆ ಬಳ್ಳಾರಿ, 35 ಎಂದರೆ ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಬ್ರಿಟನ್ನಿನಲ್ಲಿ ಪ್ಲೇಟ್ ನೋಡಿದರೆ ಕಾರಿನ ವಯಸ್ಸು ಗೊತ್ತಾಗುತ್ತದೆ. 2001ರ ಸೆಪ್ಟೆಂಬರಿನಿಂದ ಅಲ್ಲಿ ಎರಡು ಅಕ್ಷರ, ಎರಡು ಅಂಕಿ, ಮತ್ತೆ ಮೂರು ಅಕ್ಷರಗಳ ಕ್ರಮ ನಡೆದುಬಂದಿದೆ. ನಡುವಿನ ಅಂಕಿ 17 ಎಂದಿದ್ದರೆ ಆ ಕಾರು 2017ರ ಮಾರ್ಚ್‌ನಿಂದ ಆಗಸ್ಟ್‌ನೊಳಗೆ ನೋಂದಣಿಯಾದದ್ದು. 67 ಎಂದಿದ್ದರೆ ಅದರಲ್ಲಿ ಐವತ್ತು ಕಳೆಯಬೇಕು, ಆಗ ಅದೇ 2017ರ ಸೆಪ್ಟೆಂಬರಿನಿಂದ ಮುಂದಿನ ಫೆಬ್ರುವರಿಯೊಳಗಿನ ಗಾಡಿ ಎಂದು ತಿಳಿಯುತ್ತದೆ. ಆ ಏಳು ಅಕ್ಷರ-ಅಂಕಿಗಳನ್ನು ಸರ್ಕಾರದ ಜಾಲತಾಣದಲ್ಲಿ ಹಾಕಿದರೆ ಕಾರಿನ ತೆರಿಗೆ, ಪ್ರತಿ ವರ್ಷದ ತಪಾಸಣೆ, ಆಯಾ ವರ್ಷ ಅದು ಓಡಿದ ಮೈಲಿ ಎಲ್ಲವೂ ಪುಕ್ಕಟೆಯಾಗಿ ಕಣ್ಣೆದುರಿಗೆ ಬರುತ್ತವೆ. ಅದನ್ನೇ ವಿಮೆಯ ಜಾಲತಾಣದಲ್ಲಿ ಹಾಕಿದರೆ ಆ ಕಾರನ್ನು ನೀವು ಓಡಿಸಲು ವರ್ಷಕ್ಕೆ ಎಷ್ಟು ಕಟ್ಟಬೇಕೆಂಬುದು ತಿಳಿಯುತ್ತದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಲ್ಕು ವರ್ಷ ಸಂಸಾರ ಮಾಡಿ ಬಳ್ಳಾರಿಗೆ ಮರಳಿದ ಮೇಲೆ, ನರ್ಸಿಂಗ್ ಕೆಲಸಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಆ ಕಡೆ ಹೊರಟ ಮನೆಗಳವರು ನನ್ನನ್ನು ತಪ್ಪದೆ ಕೇಳುವ ಮಾತು ‘ಅಲ್ಲಿ ಯಾವ ಕಾರು ಒಳ್ಳೆಯದು?’ ಎಂಬುದು. ಒಂದು ಕಂಪನಿಯ ಹೆಸರು ಹೇಳಿ ಕಳಿಸುವುದು ನನಗೂ ಸುಲಭ. ಆದರೆ ಅಲ್ಲಿ ಕಾರಿನ ಹೆಸರಿಗಿಂತ ಆ ಒಂದು ನಿರ್ದಿಷ್ಟ ಕಾರಿನ ದಾಖಲೆ ಮುಖ್ಯ, ಮತ್ತು ಆ ದಾಖಲೆಯನ್ನು ಓದಲು ಬಂದವರಿಗೆ ಕಾರು ನೋಡಲು ಹೋಗುವ ಮೊದಲೇ ಮುಕ್ಕಾಲು ಪಾಲು ಆಯ್ಕೆ ಮುಗಿದಿರುತ್ತದೆ. ಈ ಲೇಖನದಲ್ಲಿ ಹೇಳಹೊರಟಿರುವುದು ಆ ಓದುವ ಕ್ರಮವನ್ನು.

ನಾವು ಇಲ್ಲಿಂದ ಕೊಂಡೊಯ್ಯುವ ಪ್ರಶ್ನೆಗಳನ್ನು ಮೊದಲು ನೋಡೋಣ. ಬಳ್ಳಾರಿಯಲ್ಲಿ ಕಾರು ಕೊಳ್ಳುವವರು ಕೇಳುವುದು ನಾಲ್ಕೇ: ಲೀಟರಿಗೆ ಎಷ್ಟು ಕೊಡುತ್ತದೆ, ಏಸಿ ಮೇ ತಿಂಗಳಿನಲ್ಲಿ ತಡೆಯುತ್ತದೆಯೇ, ಅದಿರು ಲಾರಿಗಳು ಕೆಡಿಸಿದ ರಸ್ತೆಯಲ್ಲಿ ತಳ ತಾಗುತ್ತದೆಯೇ, ಮಾರುವಾಗ ಎಷ್ಟು ಬರುತ್ತದೆ. ಇವು ಈ ಊರಿನ ಬಿಸಿಲು, ಧೂಳು, ರಸ್ತೆಗಳಿಂದಲೇ ಹುಟ್ಟಿದ ಪ್ರಶ್ನೆಗಳು, ಇಲ್ಲಿಗೆ ಸರಿಯಾದವೇ. ಆದರೆ ಬ್ರಿಟನ್ನಿನಲ್ಲಿ ತಳ ತಾಗುವ ಚಿಂತೆ ಕಡಿಮೆ, ಏಸಿ ವರ್ಷಕ್ಕೆ ಕೆಲವೇ ವಾರ ಬೇಕಾಗುತ್ತದೆ. ಆ ಜಾಗಕ್ಕೆ ಬರುವುದು ಹೀಟರ್ ಮತ್ತು ಗಾಜಿನ ಮಂಜು ತೆಗೆಯುವ ವ್ಯವಸ್ಥೆ. (ನಮ್ಮ ಕಾರುಗಳಲ್ಲಿಯೂ ಹೀಟರ್ ಇದೆ ಎಂಬುದೇ ಇಲ್ಲಿ ಅನೇಕರಿಗೆ ನೆನಪಿರುವುದಿಲ್ಲ.) ರಸ್ತೆಯ ಎಡಬದಿಯ ಸಂಚಾರ, ಬಲಬದಿಯ ಸ್ಟಿಯರಿಂಗ್ ಎರಡೂ ನಮ್ಮಂತೆಯೇ ಇರುವುದರಿಂದ ಕೈ ಬೇಗ ಹೊಂದಿಕೊಳ್ಳುತ್ತದೆ; ಹೊಂದಿಕೊಳ್ಳಲು ತಡವಾಗುವುದು ಕಾಗದಪತ್ರಗಳಿಗೆ.

ಮೊದಲನೆಯದು ಲೈಸೆನ್ಸು. ಬಳ್ಳಾರಿ ಆರ್‌ಟಿಒ ಕೊಟ್ಟ ಲೈಸೆನ್ಸಿನ ಮೇಲೆ ಅಲ್ಲಿ ವಾಸಕ್ಕೆ ಹೋದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಕಾರು ಓಡಿಸಬಹುದು. ಆಸ್ಟ್ರೇಲಿಯಾ, ಜಪಾನ್ ಮುಂತಾದ ಕೆಲವು ದೇಶಗಳವರಿಗೆ ತಮ್ಮ ಲೈಸೆನ್ಸನ್ನು ಕೊಟ್ಟು ಬ್ರಿಟನ್ನಿನದನ್ನು ಪಡೆಯುವ ಅನುಕೂಲವಿದೆ, ಭಾರತದವರಿಗೆ ಅದಿಲ್ಲ. ನಾವು ತಾತ್ಕಾಲಿಕ ಲೈಸೆನ್ಸ್ ಪಡೆದು, ಬರಹದ ಪರೀಕ್ಷೆ ಮತ್ತು ರಸ್ತೆಯ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ವರ್ಷ ತುಂಬುವುದರೊಳಗೆ ಪಾಸಾಗದಿದ್ದರೆ, ಇಪ್ಪತ್ತು ವರ್ಷ ಗಾಡಿ ಓಡಿಸಿದವರೂ ಎಲ್ ಬೋರ್ಡ್ ಅಂಟಿಸಿಕೊಂಡು, ಪಕ್ಕದಲ್ಲಿ ಅನುಭವಿಯೊಬ್ಬರನ್ನು ಕೂರಿಸಿಕೊಂಡೇ ಓಡಿಸಬೇಕಾಗುತ್ತದೆ. ಕಾರಿನ ಆಯ್ಕೆಗೂ ಇದಕ್ಕೂ ಏನು ಸಂಬಂಧವೆಂದರೆ, ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಆಟೊಮ್ಯಾಟಿಕ್ ಓಡಿಸಲು ಮಾತ್ರ ಅನುಮತಿ. ಗೇರಿನ ಕಾರಿನಲ್ಲಿ ಪಾಸಾದವರು ಎರಡನ್ನೂ ಓಡಿಸಬಹುದು. ಗಂಡ ಗೇರಿನ ಕಾರಿನಲ್ಲಿ, ಹೆಂಡತಿ ಆಟೊಮ್ಯಾಟಿಕ್‌ನಲ್ಲಿ ಪಾಸಾಗಿ, ಮನೆಗೆ ಗೇರಿನ ಕಾರು ಬಂದುಬಿಟ್ಟರೆ ರಾತ್ರಿ ಪಾಳಿಗೆ ಹೋಗಬೇಕಾದ ಹೆಂಡತಿ ಬಸ್ಸಿಗೇ ಕಾಯಬೇಕು. ಆದ್ದರಿಂದ ಮನೆಯಲ್ಲಿ ಯಾರು ಯಾವ ಪರೀಕ್ಷೆಗೆ ಕೂರುತ್ತಾರೆ ಎಂದು ತೀರ್ಮಾನಿಸಿದ ಮೇಲೆ ಗೇರಿನ ಮಾತು.

ಎರಡನೆಯದು ವಿಮೆ. ನಮ್ಮವರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ವಿಮೆ ಗಾಡಿಯದು. ಗಾಡಿಯ ಮೇಲೆ ವಿಮೆ ಇದ್ದರೆ ಲೈಸೆನ್ಸ್ ಇರುವ ಅಣ್ಣನೋ ಭಾವಮೈದುನನೋ ಕೀಲಿ ತೆಗೆದುಕೊಂಡು ಹೊರಡಬಹುದು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿರುವ ಚಾಲಕರಿಗೆ ಮಾತ್ರ ವಿಮೆ. ಹೆಸರಿಲ್ಲದವರು ಓಡಿಸಿ ಸಿಕ್ಕಿಬಿದ್ದರೆ ಅದು ವಿಮೆಯಿಲ್ಲದೆ ಓಡಿಸಿದಂತೆ: 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ ಆರು ಅಂಕ, ಕಾರನ್ನು ಪೊಲೀಸರು ಎಳೆದುಕೊಂಡು ಹೋಗಲೂಬಹುದು. ಅಲ್ಲಿನ ಪರೀಕ್ಷೆ ಪಾಸಾದ ಮೊದಲ ಎರಡು ವರ್ಷದೊಳಗೆ ಆರು ಅಂಕ ಬಿದ್ದವರ ಲೈಸೆನ್ಸೇ ರದ್ದಾಗುತ್ತದೆ, ಮತ್ತೆ ಮೊದಲಿನಿಂದ ಎರಡೂ ಪರೀಕ್ಷೆ ಬರೆಯಬೇಕು. ಊರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದ ಮಾವನವರ ಕೈಗೆ ‘ಒಂದು ರೌಂಡ್ ಹೊಡೀರಿ’ ಎಂದು ಕೀಲಿ ಕೊಡುವ ಪದ್ಧತಿಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಬರುವುದು ಕ್ಷೇಮ.

ವಿಮೆಯ ಕಂತು ಕಾರಿನ ಬೆಲೆಗೆ ತಕ್ಕಂತೆ ಇರುತ್ತದೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ಓಡಿಸುವವರ ವಯಸ್ಸು, ಉದ್ಯೋಗ, ಮನೆಯ ಅಂಚೆ ಸಂಕೇತ, ರಾತ್ರಿ ಕಾರು ನಿಲ್ಲುವ ಜಾಗ, ವರ್ಷಕ್ಕೆ ಓಡುವ ಮೈಲಿ, ಲೈಸೆನ್ಸ್ ಯಾವ ದೇಶದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈಗ ರಸ್ತೆಯಲ್ಲಿರುವ ಬಹುಪಾಲು ಕಾರುಗಳನ್ನು 1ರಿಂದ 50ರವರೆಗೆ ವಿಮಾ ಗುಂಪುಗಳಾಗಿ ವಿಂಗಡಿಸಿದ್ದಾರೆ. ಅಂಕಿ ಚಿಕ್ಕದಾದಷ್ಟೂ ಸಾಮಾನ್ಯವಾಗಿ ಕಂತು ಕಡಿಮೆ. ಒಂದೇ ಹೆಸರಿನ ಕಾರಿನಲ್ಲಿಯೂ ಚಿಕ್ಕ ಎಂಜಿನ್ನಿನದು ಒಂದು ಗುಂಪಿಗೆ, ದೊಡ್ಡ ಎಂಜಿನ್ನಿನದು ಎಷ್ಟೋ ಮೇಲಿನ ಗುಂಪಿಗೆ ಸೇರಿರುತ್ತದೆ. ಬಳ್ಳಾರಿಯಲ್ಲಿ ಹತ್ತು ವರ್ಷ ಕ್ಲೇಮ್ ಮಾಡದೆ ಗಳಿಸಿದ ಬೋನಸ್ಸನ್ನು ಅಲ್ಲಿನ ಬಹಳಷ್ಟು ಕಂಪನಿಗಳು ಪರಿಗಣಿಸುವುದಿಲ್ಲ, ಆದರೂ ಇಲ್ಲಿನ ವಿಮಾ ಕಚೇರಿಯಿಂದ ಒಂದು ಪತ್ರ ಬರೆಸಿಕೊಂಡು ಹೋದರೆ ನಷ್ಟವಿಲ್ಲ. ನಾನು ಮೊದಲ ತಿಂಗಳು ಮೆಚ್ಚಿಕೊಂಡಿದ್ದ ಕಾರಿನ ವಿಮೆ, ನಂಬರ್ ಹಾಕಿ ನೋಡಿದಾಗ, ಕಾರಿನ ಬೆಲೆಯ ಮೂರನೆಯ ಒಂದು ಪಾಲಿನಷ್ಟು ಬಂದಿತ್ತು. ಅದೇ ಅಂಗಳದಲ್ಲಿ ಪಕ್ಕದಲ್ಲೇ ನಿಂತಿದ್ದ, ಬಣ್ಣ ಮಾಸಿದ ಇನ್ನೊಂದು ಕಾರಿಗೆ ಅದರ ಅರ್ಧದಷ್ಟೂ ಇರಲಿಲ್ಲ. ಅಂದಿನಿಂದ ಬೆಲೆಗಿಂತ ಮೊದಲು ವಿಮೆ ವಿಚಾರಿಸುವುದನ್ನು ರೂಢಿಸಿಕೊಂಡೆ. ಅರ್ಜಿಯಲ್ಲಿ ಕಾರನ್ನು ಯಾವುದಕ್ಕೆ ಬಳಸುತ್ತೀರಿ ಎಂಬ ಪ್ರಶ್ನೆಯೊಂದಿರುತ್ತದೆ. ಆಸ್ಪತ್ರೆಗೋ ಕಚೇರಿಗೋ ಹೋಗಿಬರುವುದಿದ್ದರೆ ಅದನ್ನು ಸೇರಿಸಲೇಬೇಕು. ಅದನ್ನು ಬಿಟ್ಟು ಕಂತು ಇಳಿಸಿಕೊಂಡವರಿಗೆ ಅಪಘಾತದ ದಿನ ಪರಿಹಾರ ಕೈತಪ್ಪುವ ಅಪಾಯವಿದೆ.

ಇನ್ನು ದಾಖಲೆಯ ತಿರುಳಿಗೆ ಬರೋಣ. ಮೂರು ವರ್ಷ ತುಂಬಿದ ಪ್ರತಿ ಕಾರೂ ಅಲ್ಲಿ ವರ್ಷಕ್ಕೊಮ್ಮೆ ಎಂಒಟಿ ಎಂಬ ತಪಾಸಣೆಗೆ ಹೋಗಬೇಕು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ನಾಲ್ಕು ವರ್ಷ. ನಮ್ಮ ಲಾರಿ-ಟ್ಯಾಕ್ಸಿಗಳ ಎಫ್‌ಸಿ ಇದ್ದಂತೆ ಎನ್ನಬಹುದು, ಆದರೆ ಇದು ಮನೆಯ ಕಾರಿಗೂ ಕಡ್ಡಾಯ. ಬ್ರೇಕು, ಟೈರು, ದೀಪ, ಸ್ಟಿಯರಿಂಗ್, ತಳದ ತುಕ್ಕು, ಹೊಗೆ ಎಲ್ಲವನ್ನೂ ನೋಡಿ ಪಾಸು ಅಥವಾ ಫೇಲು ಎಂದು ಬರೆಯುತ್ತಾರೆ. ಫೇಲಾದದ್ದಕ್ಕೆ ಕಾರಣ ಬರೆದಿರುತ್ತದೆ; ಪಾಸಾದರೂ ‘ಇದನ್ನು ಗಮನಿಸುತ್ತಿರಿ’ ಎಂಬ ಸಲಹೆಯ ಸಾಲುಗಳಿರುತ್ತವೆ. ಓದಬೇಕಾದದ್ದು ಮುಖ್ಯವಾಗಿ ಆ ಸಲಹೆಗಳನ್ನು. ಎರಡು ವರ್ಷದ ಹಿಂದೆ ‘ಹಿಂದಿನ ಬ್ರೇಕ್ ಪೈಪಿನಲ್ಲಿ ಸ್ವಲ್ಪ ತುಕ್ಕು’ ಎಂದಿದ್ದು, ಕಳೆದ ವರ್ಷವೂ ಅದೇ ಸಾಲಿದ್ದು, ಈ ವರ್ಷ ಅದೇ ಕಾರಣಕ್ಕೆ ಫೇಲಾಗಿ ಮೂರು ದಿನದಲ್ಲಿ ಪಾಸಾಗಿದ್ದರೆ, ಆ ಕಾರಿನ ಮಾಲೀಕರು ಬೇರೆ ದಾರಿಯಿಲ್ಲ ಎನ್ನುವವರೆಗೆ ರಿಪೇರಿ ಮಾಡಿಸದವರು ಎಂದು ಅರ್ಥ. ಅವರು ಎಂಜಿನ್ ಆಯಿಲನ್ನೂ ಹಾಗೆಯೇ ನೋಡಿಕೊಂಡಿರುತ್ತಾರೆ. ಸಲಹೆ ಬಂದ ಮುಂದಿನ ವರ್ಷವೇ ಆ ಸಾಲು ಮಾಯವಾಗಿರುವ ದಾಖಲೆ ಕಂಡರೆ, ಕಾರು ಹಳೆಯದಾದರೂ ನಾನು ಹೋಗಿ ನೋಡುತ್ತಿದ್ದೆ.

ಅದೇ ದಾಖಲೆಯಲ್ಲಿ ಪ್ರತಿ ತಪಾಸಣೆಯ ದಿನ ಮೀಟರಿನಲ್ಲಿದ್ದ ಅಂಕಿಯೂ ಇರುತ್ತದೆ. ವರ್ಷವರ್ಷಕ್ಕೆ ಏರುತ್ತಿದ್ದ ಅಂಕಿ ಒಂದು ವರ್ಷ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೋ ಬದಲಿಸಿದ್ದಾರೋ ಎಂದು ವಿಚಾರಿಸಬೇಕು. ಇಲ್ಲಿಯೇ ನಮ್ಮವರ ಕಣ್ಣು ಮೋಸಹೋಗುವ ಇನ್ನೊಂದು ಜಾಗವಿದೆ. ಬಳ್ಳಾರಿಯಲ್ಲಿ ‘ಅರವತ್ತು ಸಾವಿರ ಓಡಿದೆ’ ಎಂದರೆ ಇನ್ನೂ ಗಟ್ಟಿ ಗಾಡಿ ಎಂದುಕೊಳ್ಳುತ್ತೇವೆ. ಅಲ್ಲಿನ ಅರವತ್ತು ಸಾವಿರ ಮೈಲಿಯಲ್ಲಿ. ಅದು ಸುಮಾರು 96,500 ಕಿಲೋಮೀಟರ್. ಒಳಭಾಗಗಳನ್ನು ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಬದಲಿಸುವ ಹೊತ್ತು ಬಂದಿರಬಹುದು, ಬದಲಿಸಿದ ಬಿಲ್ಲು ತೋರಿಸಿ ಎಂದು ಕೇಳಬೇಕು. ‘ಎಷ್ಟು ಕೊಡುತ್ತದೆ’ ಎಂಬ ಲೆಕ್ಕವೂ ಹೀಗೆಯೇ ತೊಡಕಿನದು: ಪೆಟ್ರೋಲ್ ಮಾರುವುದು ಲೀಟರಿನಲ್ಲಿ, ದೂರ ಅಳೆಯುವುದು ಮೈಲಿಯಲ್ಲಿ, ಮೈಲೇಜ್ ಹೇಳುವುದು 4.546 ಲೀಟರಿನ ಬ್ರಿಟಿಷ್ ಗ್ಯಾಲನ್ನಿಗೆ. ಗ್ಯಾಲನ್ನಿಗೆ 45 ಮೈಲಿ ಎಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 16 ಕಿಲೋಮೀಟರ್. ಮೂರರಿಂದ ಭಾಗಿಸಿ ಒಂದು ಸೇರಿಸಿಕೊಂಡರೆ ಹೆಚ್ಚು ತಪ್ಪುವುದಿಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಗಂಡ, ಇಬ್ಬರು ಮಕ್ಕಳೊಂದಿಗೆ ಬರ್ಮಿಂಗ್‌ಹ್ಯಾಮ್‌ಗೆ ನರ್ಸ್ ಆಗಿ ಹೋದಳು. ಆಕೆಯ ಮಾವ ಒಂದು ಸಂಜೆ ಬಂದು ಕೂತು, ‘ಡೀಸೆಲ್ ಗಾಡೀನ ತಗಳ್ಳಿ ಅಂತ ಹೇಳೀನಿ, ತಪ್ಪಾತೇನ್ರೀ?’ ಎಂದು ಕೇಳಿದರು. ಬಳ್ಳಾರಿಯಿಂದ ಬೆಂಗಳೂರಿಗೆ ತಿಂಗಳಿಗೆರಡು ಸಲ ಹೋಗಿಬರುವವರ ಮಾತು ಅದು, ಅವರ ಮಟ್ಟಿಗೆ ಸರಿಯೇ. ಆದರೆ ಸೊಸೆಯ ಕಾರು ಮನೆಯಿಂದ ಶಾಲೆಗೆ ಒಂದು ಮೈಲಿ, ಶಾಲೆಯಿಂದ ಆಸ್ಪತ್ರೆಗೆ ಎರಡು ಮೈಲಿ ಓಡುವಂಥದ್ದು. ಈಚಿನ ಡೀಸೆಲ್ ಕಾರುಗಳ ಸೈಲೆನ್ಸರ್ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಕಾರು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಮಾತ್ರ ಕೊಳವೆ ಸಾಕಷ್ಟು ಕಾದು ಆ ಮಸಿ ಸುಟ್ಟುಹೋಗುತ್ತದೆ. ಚಳಿಯಲ್ಲಿ ಎಂಜಿನ್ ಬಿಸಿಯಾಗುವ ಮುನ್ನವೇ ನಿಲ್ಲುವ ಓಡಾಟದಲ್ಲಿ ಜಾಲರಿ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚು ಡೀಸೆಲ್‌ನಲ್ಲಿ ಉಳಿಸಿದ್ದನ್ನು ನುಂಗಿಹಾಕುತ್ತದೆ.

ಡೀಸೆಲ್‌ಗೆ ಇನ್ನೊಂದು ಕಂಟಕವೂ ಇದೆ. ಬರ್ಮಿಂಗ್‌ಹ್ಯಾಮ್ ನಗರದ ನಡುಭಾಗಕ್ಕೆ ಹೊಗೆಯ ಮಾನದಂಡ ಮುಟ್ಟದ ಕಾರು ತಂದರೆ 2021ರ ಜೂನ್‌ನಿಂದ ದಿನಕ್ಕೆ 8 ಪೌಂಡ್ ಶುಲ್ಕ. ಲಂಡನ್ನಿನಲ್ಲಿ ಇದು 12.50 ಪೌಂಡ್, 2023ರ ಆಗಸ್ಟ್ 29ರಿಂದ ನಗರದ ಎಲ್ಲ ಭಾಗಗಳಿಗೂ ಅನ್ವಯ. ಪೆಟ್ರೋಲ್ ಕಾರುಗಳಲ್ಲಿ 2006ರಿಂದ ಈಚಿನವು ಸಾಮಾನ್ಯವಾಗಿ ಪಾರಾಗುತ್ತವೆ, ಡೀಸೆಲ್‌ನಲ್ಲಿ 2015ರ ಸೆಪ್ಟೆಂಬರ್ ನಂತರದವು. ಇದನ್ನೂ ನಂಬರ್ ಹಾಕಿಯೇ ನೋಡಬಹುದು. ವಿದ್ಯುತ್ ಕಾರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ: ಮನೆಯ ಮುಂದೆ ಸ್ವಂತ ಜಾಗವಿದ್ದು ರಾತ್ರಿ ಚಾರ್ಜ್ ಮಾಡಿಕೊಳ್ಳಲು ಆಗುವವರು ಯೋಚಿಸಬಹುದು, ಬಾಡಿಗೆಯ ಮನೆ ಹಿಡಿದು ಬೀದಿಯಲ್ಲಿ ಕಾರು ನಿಲ್ಲಿಸುವ ಹೊಸಬರು ಸದ್ಯಕ್ಕೆ ಬಿಡುವುದು ಲೇಸು.

ಕುಟುಂಬದ ಕಾರು ಎಂದಾಗ ನಿಜವಾಗಿ ಕೊಳ್ಳುತ್ತಿರುವುದು ಅದರ ಹಿಂದಿನ ಸೀಟನ್ನು. ಹಂಪಿಗೋ ಮಂತ್ರಾಲಯಕ್ಕೋ ಹೊರಟರೆ ಐದು ಸೀಟಿನ ಕಾರಿನಲ್ಲಿ ಎಂಟು ಜನ, ಮಕ್ಕಳು ತೊಡೆಯ ಮೇಲೆ. ಬ್ರಿಟನ್ನಿನಲ್ಲಿ ಹನ್ನೆರಡು ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರವಾಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಮಗು ತನ್ನದೇ ಚೈಲ್ಡ್ ಸೀಟಿನಲ್ಲಿ ಕೂರಬೇಕು. ಮಗುವಿನ ಎತ್ತರ ನೋಡಿ ಆರಿಸುವ ಹೊಸ ಬಗೆಯ ಸೀಟಿನಲ್ಲಿ ಹದಿನೈದು ತಿಂಗಳು ದಾಟುವವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಅಂಥ ಸೀಟನ್ನು ಮುಂದೆ ಇಡುವುದಾದರೆ ಆ ಬದಿಯ ಏರ್‌ಬ್ಯಾಗ್ ಆಫ್ ಆಗಿರಬೇಕು. ಹದಿನಾಲ್ಕರೊಳಗಿನವರ ಬೆಲ್ಟಿಗೆ ಚಾಲಕರೇ ಹೊಣೆ. ಈ ಸೀಟುಗಳನ್ನು ಗಟ್ಟಿಯಾಗಿ ಹಿಡಿಯುವ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳು ಹೆಚ್ಚಿನ ಕಾರುಗಳಲ್ಲಿ ಹಿಂಬದಿಯ ಎರಡು ಅಂಚಿನ ಸೀಟುಗಳಿಗೆ ಮಾತ್ರ ಇರುತ್ತವೆ. ಎರಡು ಚೈಲ್ಡ್ ಸೀಟು ಕೂರಿಸಿದ ಮೇಲೆ ನಡುವೆ ಉಳಿಯುವುದು ಒಂದು ಗೇಣು ಜಾಗ. ಅತ್ತೆಯವರನ್ನು ಅಲ್ಲಿ ಕೂರಿಸಿ ಒಂದು ಗಂಟೆ ಪ್ರಯಾಣ ಮಾಡಿದರೆ ಮನೆಯ ಶಾಂತಿಗೇ ಭಂಗ. ಕಾರು ನೋಡಲು ಹೋಗುವಾಗ ಚೈಲ್ಡ್ ಸೀಟುಗಳನ್ನೇ ಹೊತ್ತುಕೊಂಡು ಹೋಗಿ, ಕೂರಿಸಿ, ಬಾಗಿಲು ಹಾಕಿ, ಮುಂದಿನ ಸೀಟು ಎಷ್ಟು ಹಿಂದಕ್ಕೆ ಬರುತ್ತದೆ ಎಂದು ನೋಡಬೇಕು. ಮಗುವಿನ ತಳ್ಳುಗಾಡಿ ಮಡಚಿ ಡಿಕ್ಕಿಯಲ್ಲಿ ಇಟ್ಟು ನೋಡಬೇಕು. ಊರಿನಿಂದ ಹಿರಿಯರು ಬರುತ್ತಾರೆಂದು ಏಳು ಸೀಟಿನ ಕಾರು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅವರು ಬಂದಾಗ ಎರಡು ಮೂರು ವಾರಾಂತ್ಯಕ್ಕೆ ದೊಡ್ಡ ಕಾರು ಬಾಡಿಗೆಗೆ ಹಿಡಿದರೆ ವರ್ಷಪೂರ್ತಿಯ ವಿಮೆ, ಟೈರು, ಪೆಟ್ರೋಲಿನ ಖರ್ಚು ಉಳಿಯುತ್ತದೆ.

ಮಾರುವವರು ಯಾರು ಎಂಬುದು ಮುಂದಿನ ಮಾತು. ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾನೂನಿನಂತೆ, ಕೊಳ್ಳುವಾಗಲೇ ದೋಷವಿದ್ದ ಕಾರನ್ನು ಮೂವತ್ತು ದಿನಗಳೊಳಗೆ ಹಿಂತಿರುಗಿಸಿ ಹಣ ಕೇಳುವ ಹಕ್ಕಿದೆ. ಖಾಸಗಿಯವರಿಂದ ಕೊಂಡರೆ ಬೆಲೆ ಕಡಿಮೆ, ಆದರೆ ಅವರು ಹೇಳಿದ ವಿವರ ಸುಳ್ಳಾಗದಿದ್ದರೆ ಸಾಕು, ಉಳಿದದ್ದು ಕೊಂಡವರ ಹಣೆಬರಹ. ನಮ್ಮ ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿರುತ್ತದೆ, ಎನ್‌ಒಸಿ ಇಲ್ಲದೆ ಅದು ಅಳಿಯುವುದಿಲ್ಲ. ಅಲ್ಲಿನ ವಿ5ಸಿ ಎಂಬ ನೋಂದಣಿ ಪತ್ರದಲ್ಲಿ ಸಾಲದ ಸುಳಿವೇ ಇರುವುದಿಲ್ಲ. ಮೇಲಾಗಿ ಅದು ಒಡೆತನದ ಪುರಾವೆಯೂ ಅಲ್ಲ, ಕಾರು ಯಾರ ಬಳಿ ಇದೆ ಎಂಬುದರ ದಾಖಲೆ ಮಾತ್ರ. ಆದ್ದರಿಂದ ಕೆಲವು ಪೌಂಡ್ ಕೊಟ್ಟು ಖಾಸಗಿ ಸಂಸ್ಥೆಗಳಿಂದ ಅದೇ ನಂಬರಿನ ಪೂರ್ವಚರಿತ್ರೆ ತೆಗೆಸಬೇಕು. ಸಾಲ ಬಾಕಿ, ಕಳವಿನ ದೂರು, ಅಪಘಾತದಲ್ಲಿ ವಿಮಾ ಕಂಪನಿ ಕೈಬಿಟ್ಟ ಕಾರೇ ಎಂಬ ಮೂರೂ ಅದರಲ್ಲಿ ಬರುತ್ತವೆ. ಕೈಬಿಟ್ಟ ಕಾರುಗಳಿಗೆ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂಬ ವರ್ಗಗಳಿವೆ: ಮೊದಲೆರಡು ರಸ್ತೆಗೆ ಮರಳುವಂತಿಲ್ಲ, ಎಸ್ ಎಂದರೆ ಚೌಕಟ್ಟಿಗೇ ಪೆಟ್ಟು ಬಿದ್ದು ರಿಪೇರಿಯಾದದ್ದು, ಎನ್ ಎಂದರೆ ಚೌಕಟ್ಟು ಬಿಟ್ಟು ಬೇರೆ ಕಡೆ. ಮಕ್ಕಳನ್ನು ಕೂರಿಸುವ ಕಾರಿಗೆ ಎಸ್ ಬೇಡವೇ ಬೇಡ.

ಸಾಲದ ಮೇಲೆ ಕೊಳ್ಳುವ ಯೋಚನೆಯಿದ್ದರೆ ಹೊಸದಾಗಿ ಬಂದವರಿಗೆ ಅಲ್ಲಿ ಸಾಲದ ಚರಿತ್ರೆಯೇ ಇರುವುದಿಲ್ಲವಾದ್ದರಿಂದ ಬಡ್ಡಿ ದುಬಾರಿ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ ಕಾರಣ, ಅಲ್ಲಿ ವಾಸದ ಅನುಮತಿ ಇದ್ದವರು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ವಿಳಾಸ ಖಚಿತವಾಗುವುದರಿಂದ ಸಾಲ ಕೊಡುವವರು ಇದನ್ನು ಮುಖ್ಯವಾಗಿ ನೋಡುತ್ತಾರೆ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಕಾರನ್ನು ನೋಡಲು ಹೋಗಬೇಕು. ಬೆಳಗಿನ ಹೊತ್ತು, ಮಾರುವವರ ಮನೆಗೇ ಹೋಗಬೇಕು. ವಿ5ಸಿಯಲ್ಲಿರುವ ವಿಳಾಸವೂ ಅದೇ ಆಗಿರಬೇಕು. ಬಾನೆಟ್ ಮೇಲೆ ಕೈ ಇಟ್ಟಾಗ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಚಳಿಯಲ್ಲಿ ಸ್ಟಾರ್ಟ್ ಆಗುವ ತೊಂದರೆಯನ್ನು ಮುಚ್ಚಿಡುತ್ತಿರಬಹುದು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳ ಮೇಲೆ ಹಿಮ ಕಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ನಮ್ಮಲ್ಲಿ ಕೆಂಪು ಧೂಳು ಮಾಡದ ಕೆಲಸವನ್ನು ಆ ಉಪ್ಪು ಮಾಡುತ್ತದೆ, ತಳವನ್ನು ತಿನ್ನುತ್ತದೆ. ಮೊಬೈಲಿನ ಬೆಳಕು ಹಿಡಿದು, ಮೊಣಕಾಲೂರಿ, ಚಕ್ರಗಳ ಕಮಾನಿನ ಒಳಗೂ ಬಾಗಿಲ ಕೆಳಗಿನ ಪಟ್ಟಿಯ ಅಡಿಗೂ ನೋಡಬೇಕು. ಟೈರಿನ ಗೆರೆಯ ಆಳ ಕಾನೂನಿನಂತೆ ಕನಿಷ್ಠ 1.6 ಮಿಲಿಮೀಟರ್. ಇಪ್ಪತ್ತು ಪೆನ್ಸಿನ ನಾಣ್ಯವನ್ನು ಗೆರೆಯಲ್ಲಿ ನಿಲ್ಲಿಸಿದಾಗ ನಾಣ್ಯದ ಅಂಚಿನ ಪಟ್ಟಿ ಹೊರಗೆ ಕಂಡರೆ ಟೈರು ಸವೆದಿದೆ ಎಂದು ತಿಳಿದು, ಬೆಲೆಯಲ್ಲಿ ನಾಲ್ಕು ಟೈರಿನ ದುಡ್ಡು ಕಡಿಮೆ ಕೇಳಬಹುದು.

ಒಪ್ಪಿಗೆಯಾದ ಮೇಲೂ ಕೂಡಲೇ ಕಾರು ಓಡಿಸಿಕೊಂಡು ಬರುವಂತಿಲ್ಲ. ಕರ್ನಾಟಕದಲ್ಲಿ ನೋಂದಣಿಯ ದಿನವೇ ಜೀವಿತಾವಧಿ ತೆರಿಗೆ ಕಟ್ಟಿಬಿಡುವುದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಆ ನೆನಪೇ ಬರುವುದಿಲ್ಲ. ಬ್ರಿಟನ್ನಿನಲ್ಲಿ ತೆರಿಗೆ ಕಾಲಕಾಲಕ್ಕೆ ಕಟ್ಟುವಂಥದ್ದು, ಮತ್ತು 2014ರ ಅಕ್ಟೋಬರ್ 1ರಿಂದ ಅದು ಹಳೆಯ ಮಾಲೀಕರಿಂದ ಹೊಸಬರಿಗೆ ಬರುವುದಿಲ್ಲ. ಮಾರಿದವರು ಕೊಡುವ ವಿ5ಸಿಯ ಹಸಿರು ಚೀಟಿಯಲ್ಲಿ ಹನ್ನೆರಡು ಅಂಕಿಯ ಸಂಖ್ಯೆಯಿರುತ್ತದೆ, ಅದನ್ನು ಬಳಸಿ ಅಲ್ಲಿಯೇ ನಿಂತು ಮೊಬೈಲಿನಲ್ಲಿ ತೆರಿಗೆ ಕಟ್ಟಬೇಕು. ವಿಮೆ ಅದಕ್ಕೂ ಮೊದಲೇ ಆರಂಭವಾಗಿರಬೇಕು.

ನಮ್ಮ ಬೀದಿಯ ಆ ಕುಟುಂಬ ಕೊನೆಗೆ ಒಂದು ಪೆಟ್ರೋಲ್ ಕಾರನ್ನು ಗೊತ್ತುಮಾಡಿತು. ನಡುವಿನ ಅಂಕಿ 67, ಸಲಹೆಯ ಸಾಲುಗಳು ಮರುವರ್ಷ ಮಾಯವಾಗಿದ್ದ ದಾಖಲೆ. ಅದನ್ನು ನಾನೂ ಆಕೆಯ ಮಾವನವರೂ ಬಳ್ಳಾರಿಯ ನಮ್ಮ ಪಡಸಾಲೆಯಲ್ಲಿ ಕೂತೇ ಓದಿದ್ದೆವು. ಕೊಂಡ ದಿನ ಮಾವನವರು ವಿಡಿಯೊ ಕರೆಯಲ್ಲಿ ಕಾದಿದ್ದರು. ಸೊಸೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು, ಮಳೆ ಹನಿಯುತ್ತಿತ್ತು, ಮಗ ಮಾತ್ರ ಕೀಲಿ ಹಿಡಿದು ಸುಮ್ಮನೆ ನಿಂತಿದ್ದ. ‘ಯಾಕೋ, ಮುಹೂರ್ತ ಮೀರಲಿಕ್ಕತ್ತೈತಿ’ ಎಂದು ಮಾವನವರು ಇಲ್ಲಿಂದ ಕೂಗಿದರು. ವಿಮೆ ಮಧ್ಯಾಹ್ನ ಹನ್ನೆರಡಕ್ಕೆ ಆರಂಭ ಎಂದು ಅವನು ಅಲ್ಲಿಂದ ಹೇಳಿದ. ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆ ಆಗುವವರೆಗೆ ನಿಂಬೆಹಣ್ಣುಗಳು ಹಾಗೆಯೇ ಇದ್ದವು.